ಸೀಟಿನ ಮೇಲಿನ ಕಿವಿ

ಲಕ್ಕಪ್ಪನ ಮೂರು ಬೆರಳಿನ ಬಾಕಿ ಇನ್ನೂ ಬಂದಿಲ್ಲ. ಹಿರೇಕೆರೂರಿನ ಪರಮೇಶಪ್ಪನ ರಾಶಿ ಮಷಿನ್ನು ಆ ಬೆರಳುಗಳನ್ನು ಗೋವಿನಜೋಳದ ತೆನೆಯ ಜೊತೆಗೇ ಒಳಗೆ ಎಳೆದುಕೊಂಡಿತ್ತು. ಪರಮೇಶಪ್ಪ ಆಸ್ಪತ್ರೆಯ ಖರ್ಚು ಕೊಟ್ಟ, ಉಳಿದದ್ದನ್ನು ಮುಂದಿನ ಸುಗ್ಗಿಗೆ ಕೊಡುತ್ತೇನೆ ಅಂದ. ಆಮೇಲೆ ಎಷ್ಟೋ ಸುಗ್ಗಿ ಬಂದು ಹೋದವು. ಕೇಳಿದಾಗಲೆಲ್ಲ ತಾನೇನು ಊರು ಬಿಟ್ಟು ಓಡಿಹೋಗುತ್ತೇನೆಯೇ ಅನ್ನುತ್ತಾನೆ. ಓಡಿಹೋಗಿಲ್ಲ, ನಿಜ. ಕೊಟ್ಟೂ ಇಲ್ಲ.

ಬೆರಳು ಹೋದ ವರ್ಷವೇ, ಮಷಿನ್ನಿನ ಜೊತೆ ಊರೂರು ತಿರುಗುವ ಗ್ಯಾಂಗಿನ ಕೂಲಿಯವರು ಒಂದು ಕೆಲಸ ಮಾಡಿದ್ದರು. ಮೋಡ ಕವಿದಿದೆ, ಹೊಲದ ತುಂಬ ತೆನೆ ಬಿದ್ದಿದೆ, ರೈತ ತಲೆ ಮೇಲೆ ಕೈ ಹೊತ್ತು ನಿಂತಿದ್ದಾನೆ. ಅಂಥ ಹೊತ್ತಿನಲ್ಲಿ ಗಂಡಸರು ಹೆಂಗಸರು ಎಲ್ಲ ಸೇರಿ ಮಷಿನ್ನಿನ ಮುಂದೆ ಕುಕ್ಕರಿಸಿ ಕೂತುಬಿಟ್ಟರು. ಪರಮೇಶಪ್ಪ ಬೈದ, ಕೈಮುಗಿದ, ಬೇರೆ ಗ್ಯಾಂಗು ತರಿಸುತ್ತೇನೆ ಅಂದ. ಬೇರೆ ಗ್ಯಾಂಗಿನವರೂ ಬಂದು ಪಕ್ಕದಲ್ಲೇ ಕೂತರು. ಮಳೆಯ ಮೊದಲ ಹನಿ ಬೀಳುವ ಹೊತ್ತಿಗೆ ಒಂದು ಕಟ್ಟಳೆ ಒಪ್ಪಿಕೊಂಡ. ಮಷಿನ್ ತಿರುಗುವಷ್ಟು ಹೊತ್ತೂ, ಅದನ್ನು ತಿರುಗಿಸುವ ಟ್ರ್ಯಾಕ್ಟರಿನ ಸೀಟಿನ ಮೇಲೆ ಒಬ್ಬ ಆಳು ಇರಬೇಕು. ಅವನಿಗೆ ಬೇರೆ ಕೆಲಸ ಹೇಳಬಾರದು. ಹಿಂದಿನಿಂದ ಯಾರಾದರೂ 'ಹೋ' ಎಂದು ಕೂಗಿದ ಕೂಡಲೇ ಅವನು ಹಿಡಿಕೆ ಎಳೆದು ಮಷಿನ್ ನಿಲ್ಲಿಸಬೇಕು. ಕೂಗುವುದಕ್ಕೆ ಕಾರಣ ಕೇಳಬಾರದು, ಸುಮ್ಮನೆ ಕೂಗಿದರೂ ಬೈಯಬಾರದು. ಅವನಿಗೂ ಎಲ್ಲರಷ್ಟೇ ಪೂರ್ತಿ ಕೂಲಿ.

ಪರಮೇಶಪ್ಪನ ಹೊಟ್ಟೆಯಲ್ಲಿ ಆ ಕಟ್ಟಳೆ ಇವತ್ತಿಗೂ ಕರಗಿಲ್ಲ. ಕೂತು ತಿನ್ನುವವನಿಗೆ ಕೂಲಿ ಕೊಡುವ ಮಷಿನ್ನು ನಾಲ್ಕು ತಾಲೂಕಿನಲ್ಲಿ ತನ್ನದೊಂದೇ ಎಂದು ಚಹಾದಂಗಡಿಯಲ್ಲಿ ಹೇಳಿಕೊಂಡು ತಿರುಗುತ್ತಾನೆ. ನೆವ ಒಂದು ಸಿಕ್ಕರೆ ಸಾಕು, ಸೀಟು ಖಾಲಿ ಮಾಡಿಸಿಬಿಡುತ್ತಾನೆ ಎಂಬುದು ಗ್ಯಾಂಗಿನ ಕೂಸಿಗೂ ಗೊತ್ತು.

ಈಗ ಆ ಸೀಟಿನ ಆಳು ಚನ್ನೇಶ. ಚಿಕ್ಕೇರೂರಿನವನು, ಮೂವತ್ತರ ಹತ್ತಿರದವನು. ಹೈಸ್ಕೂಲು ಮುಗಿಸಿ ಹತ್ತಿಬೀಜದ ಪ್ಲಾಟಿನಲ್ಲಿ ಹೂವಿಗೆ ಹೂವು ಮುಟ್ಟಿಸುವ ಕೆಲಸ ಮಾಡಿದ, ಆಮೇಲೆ ಮಷಿನ್ನಿಗೆ ಬಂದ. ಹೆಂಡತಿ ಸುಧಾರಾಣಿ ಅದೇ ಗ್ಯಾಂಗಿನಲ್ಲಿ ಬುಟ್ಟಿಗೆ ತೆನೆ ತುಂಬಿ ಮಷಿನ್ ಬಾಯಿಯವರೆಗೆ ತಂದು ಸುರಿಯುತ್ತಾಳೆ. ಅದನ್ನು ಒಳಗೆ ನೂಕುವವನು ಲಕ್ಕಪ್ಪ, ಉಳಿದ ಬೆರಳುಗಳಲ್ಲೇ. ಬೇರೆ ಕೆಲಸ ಮಾಡು ಅಂದರೆ, ನನ್ನ ಬೆರಳಿನ ರುಚಿ ಕಂಡ ಮಷಿನ್ನು, ನನ್ನ ಮಾತೇ ಕೇಳುತ್ತೆ ಎಂದು ನಗುತ್ತಾನೆ. ತೆನೆಯ ರಾಶಿ ಎಡಕ್ಕೆ ಬರುವಂತೆ ಮಷಿನ್ ನಿಲ್ಲಿಸುವುದು ಈ ಗ್ಯಾಂಗಿನ ರೂಢಿ. ಹಾಗಾಗಿ ಸೀಟಿನ ಆಳು ಎಡಕ್ಕೆ ಹೊರಳಿ, ಹೆಂಗಸರ ಕಡೆ ಮುಖ ಮಾಡಿ ಕೂರುತ್ತಾನೆ. ಅವನ ಎಡಗಿವಿ ನೇರ ತೆನೆ ಬಡಿಯುವ ಡ್ರಮ್ಮಿನ ಕಡೆಗೆ. ಧೂಳು ಎದ್ದ ಮೇಲೆ ಮಷಿನ್ನಿನ ಬಾಯಿ ಕಣ್ಣಿಗೆ ಕಾಣುವುದಿಲ್ಲ, ಕಿವಿಯನ್ನೇ ನೆಚ್ಚಿಕೊಳ್ಳಬೇಕು. ಹೆಂಡತಿಯ ಕೈ, ಲಕ್ಕಪ್ಪನ ಅರ್ಧ ಕೈ ಎರಡೂ ಚನ್ನೇಶನ ಕಿವಿಯ ಮೇಲೆ ನಿಂತಿದ್ದವು.

ಈ ಚನ್ನೇಶನಿಗೆ ಇದ್ದ ಚಟ ಒಂದೇ, ಮೊಬೈಲಿನ ಗೇಮು. ಕುಡಿತವಿಲ್ಲ, ಇಸ್ಪೀಟಿಲ್ಲ. ನಾಲ್ಕು ಜನ ಟೀಮು ಕಟ್ಟಿಕೊಂಡು ವಿಮಾನದಿಂದ ಒಂದು ದ್ವೀಪಕ್ಕೆ ಹಾರಿ, ಬಂದೂಕು ಹುಡುಕಿ, ಕೊನೆಗೆ ಉಳಿದವರು ಗೆಲ್ಲುವ ಆಟ. ಸುಗ್ಗಿಯಲ್ಲಿ ಇಬ್ಬನಿ ಬಿದ್ದ ತೆನೆ ಬೆಳಗ್ಗೆ ಹಸಿಯಾಗಿರುತ್ತದೆ. ಬಿಸಿಲು ಏರಿ ಅದು ಆರುವವರೆಗೆ ಮಷಿನ್ ಹಚ್ಚುವಂತಿಲ್ಲ. ಆ ಹೊತ್ತಿನಲ್ಲಿ ಗಂಡಸರು ಬೀಡಿ ಸೇದುತ್ತಾರೆ, ಹೆಂಗಸರು ರೊಟ್ಟಿ ಬಡಿಯುತ್ತಾರೆ, ಚನ್ನೇಶ ಟ್ರ್ಯಾಲಿಯ ನೆರಳಿನಲ್ಲಿ ಕೂತು ಗುಂಡು ಹಾರಿಸುತ್ತಾನೆ.

ಟೀಮಿನ ಉಳಿದ ಮೂವರು ಮಷಿನ್ನು ಊರೂರು ತಿರುಗುವಾಗ ಸಿಕ್ಕವರು. ಹಾನಗಲ್ ತಾಲೂಕಿನ ಆಡೂರಿನಲ್ಲಿ ರಾಶಿ ಮಾಡುವಾಗ ಹೊಲದ ಮಾಲಕನ ಮಗ ಮಹಾಂತೇಶ ಸಿಕ್ಕ. ಶಿಗ್ಗಾಂವಿ ಕಡೆ ಹೋದಾಗ ಹುಲಗೂರಿನ ಇನಾಯತ ಸಿಕ್ಕ. ಟೀಮಿನ ಮುಖಂಡ ಸವಣೂರಿನ ಮುಸ್ತಾಕ. ಅವನದು ಮೊಬೈಲ್ ಸಾಮಾನಿನ ಅಂಗಡಿ. ಅದಕ್ಕೂ ಮೊದಲು ಅವರ ಮನೆಯವರದು ಮೈಕ್‌ಸೆಟ್ಟಿನ ಧಂದೆ, ಮದುವೆ, ಉರುಸು, ಎಲೆಕ್ಷನ್ ಭಾಷಣ ಯಾವುದಿದ್ದರೂ ಅವರದೇ ಸ್ಪೀಕರ್ ಡಬ್ಬಿ. ಹೀಗೆ ನಾಲ್ಕು ತಾಲೂಕು ಕೂಡಿ ಒಂದು ಟೀಮು.

ಕೆಲ ದಿನಗಳಿಂದ ಆ ಟೀಮಿನಲ್ಲಿ ಚನ್ನೇಶನ ಮಾನ ಹೋಗುತ್ತಿತ್ತು. ಈ ಆಟದಲ್ಲಿ ಕಣ್ಣಿಗಿಂತ ಮೊದಲು ಕಿವಿ ಓಡಬೇಕು. ವೈರಿ ಗೋಡೆಯ ಆಚೆ ನಡೆದರೆ ಹೆಜ್ಜೆಯ ಸಪ್ಪಳ ಬರುತ್ತದೆ. ಎಡಕ್ಕಿದ್ದರೆ ಎಡಗಿವಿಯಲ್ಲಿ, ಬಲಕ್ಕಿದ್ದರೆ ಬಲಗಿವಿಯಲ್ಲಿ. ಚನ್ನೇಶ ಸಾಯುತ್ತಿದ್ದುದು ಯಾವಾಗಲೂ ಎಡದಿಂದ ಬಂದ ಗುಂಡಿಗೆ. ಮೊದಮೊದಲು ನಕ್ಕರು. ಆಮೇಲೆ ಇನಾಯತ, ನಿನ್ನ ಎಡಗಡೆ ಏನು ಸರಕಾರಿ ರಸ್ತೆಯೇ, ಯಾರು ಬೇಕಾದರೂ ಬರುತ್ತಾರಲ್ಲ ಎಂದು ಕಾಡತೊಡಗಿದ. ಸವಣೂರಿನ ಒಂದು ಕಲ್ಯಾಣಮಂಟಪದ ಹಾಲಿನಲ್ಲಿ ಮುಸ್ತಾಕ ಮತ್ತು ಅವನ ಗೆಳೆಯರು ಭಾನುವಾರ ಒಂದು ಟೂರ್ನಮೆಂಟು ಇಟ್ಟುಕೊಂಡಿದ್ದರು. ಅದಕ್ಕೆ ಮುಂಚೆ ಒಂದು ಸರಿಯಾದ ಹೆಡ್‌ಫೋನು ತಗೋ ಎಂದು ಮುಸ್ತಾಕ ಹೇಳಿದ.

ಚನ್ನೇಶನ ಹತ್ತಿರ ಇದ್ದದ್ದು ಬಸ್‌ಸ್ಟ್ಯಾಂಡಿನ ತಳ್ಳುಗಾಡಿಯಲ್ಲಿ ಕೊಂಡ ಇಯರ್‌ಫೋನು. ಅದರ ಎಡಗಡೆ ಕೆಟ್ಟಿದೆ ಎಂದು ಅವನ ನಂಬಿಕೆ. ಅದನ್ನು ಎಸೆದು ಕೊರಳಿಗೆ ಹಾಕಿಕೊಳ್ಳುವ ಬ್ಲೂಟೂತಿನದು ತಂದ. ಇದರಲ್ಲಿ ತಂತಿಯ ಕಾಟವಿಲ್ಲ. ಆದರೆ ಗುಂಡು ಬಿದ್ದು ಸತ್ತ ಮೇಲೆ ಗುಂಡಿನ ಸಪ್ಪಳ ಬರುತ್ತಿತ್ತು. ಗಾಳಿಯಲ್ಲಿ ಬರುವ ಸಪ್ಪಳ ಕಣ್ಣುಮಿಟುಕಿಸುವಷ್ಟು ತಡ, ಹಾಡಿಗೆ ಅದು ನಡೆಯುತ್ತದೆ, ಈ ಆಟಕ್ಕೆ ನಡೆಯುವುದಿಲ್ಲ ಎಂದು ಮುಸ್ತಾಕ ಫೋನಿನಲ್ಲಿ ಬೈದ. ಆಮೇಲೆ ಚನ್ನೇಶ ಹಾನಗಲ್ಲಿನಲ್ಲಿ ಕಿವಿ ಪೂರ್ತಿ ಮುಚ್ಚುವ ದೊಡ್ಡದೊಂದನ್ನು ಕೊಂಡ. ಅಂಗಡಿಯಲ್ಲಿ ಅದನ್ನು ಪರೀಕ್ಷೆ ಮಾಡಿದ್ದು ಹಲಗೆ ಮೇಳದ ವಿಡಿಯೊ ಹಾಕಿ. ಎದೆ ನಡುಗಿತು, ಖುಷಿಯಾಯಿತು, ತಗೊಂಡ. ಅದನ್ನು ನೋಡಿದ ಮುಸ್ತಾಕ ತಲೆ ಚಚ್ಚಿಕೊಂಡ. ಇಷ್ಟು ಬೇಸ್ ಇರುವುದನ್ನು ಮೆರವಣಿಗೆಗೆ ಹಾಕಬೇಕು, ಹೆಜ್ಜೆಯ ಸಪ್ಪಳದ ಮೇಲೆ ಈ ಗುದ್ದು ಕಂಬಳಿ ಹೊದಿಸಿಬಿಡುತ್ತದೆ ಅಂದ. ಪೆಟ್ಟಿಗೆಯ ಮೇಲೆ ಎಂಟು ದಿಕ್ಕಿನ ಸಪ್ಪಳ ಎಂದು ಬರೆದದ್ದನ್ನಂತೂ ಉಗುರಿನಿಂದ ಕೆರೆದು ತೋರಿಸಿದ, ಇದು ಬಣ್ಣ, ಇದಕ್ಕೆ ದುಡ್ಡು ಕೊಡಬಾರದು ಅಂತ.

ಕೊನೆಗೆ ಅವನೇ ಆರಿಸಿಕೊಟ್ಟ. ತಂತಿ ಇರುವುದು. ಬೇಸ್ ಹದವಾಗಿರುವುದು. ಕಿವಿಯ ಮೇಲೆ ಒತ್ತದೆ ಸುತ್ತಲೂ ಕೂರುವ ಬಟ್ಟಲು, ಹೊರಗಿನ ಗದ್ದಲ ತಡೆಯುವಂಥದ್ದು. ಬಾಯಿಯ ಹತ್ತಿರ ಬಾಗುವ ಪುಟ್ಟ ಮೈಕು. ಫೋನಿಗೆ ಸಿಕ್ಕಿಸಲು ಒಂದು ಜೋಡಿತಂತಿ. ಚನ್ನೇಶ ಅದನ್ನು ಹೊಸ ಅಂಗಿಯಲ್ಲಿ ಸುತ್ತಿ ತಂದ.

ಬೆಳಗ್ಗೆ ಹಾಕಿಕೊಂಡು ಆಡಿದರೆ ಇದರ ಎಡಗಡೆಯೂ ಸತ್ತಿತ್ತು.

ಪೂರ್ತಿ ಸತ್ತಿರಲಿಲ್ಲ. ದೂರದ ಹೊಲದಲ್ಲಿ ಯಾರೋ ಮಾತಾಡಿದ ಹಾಗೆ ಬರುತ್ತಿತ್ತು. ಜೋಡಿತಂತಿ ಕೆಟ್ಟಿದೆ ಎಂದು ಬೇರೆ ತರಿಸಿದ. ಅದೂ ಅಷ್ಟೇ. ಫೋನಿನ ತೂತಿನಲ್ಲಿ ಗೋವಿನಜೋಳದ ಧೂಳು ಕೂತಿದೆ ಎಂದು ಸೂಜಿಯಿಂದ ಕೆದಕಿದ. ಕಂಪನಿಯವರು ಎಡಗಡೆಗೆ ಹಗುರ ಸಾಮಾನು ಹಾಕುತ್ತಾರೆ, ಯಾರೂ ಕೇಳುವವರಿಲ್ಲ ಎಂದು ಬೈದ. ಸುಧಾರಾಣಿ ಹಿಟ್ಟಿನ ಕೈಯಲ್ಲೇ ಬಂದು ಹಾಕಿಕೊಂಡು ನೋಡಿ, ಎರಡೂ ಕಡೆ ಸರಿಯಾಗಿ ಬರುತ್ತಿದೆ ಎಂದಳು. ಅವಳಿಗೇನು ಗೊತ್ತು ಗೇಮಿನ ಸಪ್ಪಳ ಎಂದು ಚನ್ನೇಶ ನಕ್ಕ. ಅವಳು ನಗಲಿಲ್ಲ. ಅವನ ಮುಖವನ್ನೇ ನೋಡಿದಳು, ಮತ್ತೆ ಹೋಗಿ ರೊಟ್ಟಿ ಬಡಿದಳು.

ಅವಳು ಹೋದ ಮೇಲೆ ಚನ್ನೇಶ ಹೆಡ್‌ಫೋನನ್ನು ಹಿಂದುಮುಂದು ಮಾಡಿ ಹಾಕಿಕೊಂಡ. ಎಡದ ಬಟ್ಟಲು ಬಲಗಿವಿಗೆ, ಬಲದ್ದು ಎಡಗಿವಿಗೆ. ಸಾಮಾನು ಕೆಟ್ಟಿದ್ದರೆ ಈಗ ಬಲಗಡೆ ಸಪ್ಪಳ ಕಡಿಮೆಯಾಗಬೇಕಿತ್ತು. ಬಲಗಡೆ ಚೊಕ್ಕ ಕೇಳಿತು. ಎಡಗಡೆ ಅದೇ ದೂರದ ಹೊಲ.

ಸರಕ್ಕನೆ ತೆಗೆದು ಮೊದಲಿನಂತೆ ಹಾಕಿಕೊಂಡ. ಯಾರಾದರೂ ನೋಡಿದರೇನೋ ಎಂದು ಸುತ್ತ ಕಣ್ಣಾಡಿಸಿದ. ಆವತ್ತಿನಿಂದ ಅದನ್ನು ಹಾಗೆ ಹಿಂದುಮುಂದು ಮಾಡುವ ಧೈರ್ಯ ಅವನಿಗೆ ಬರಲಿಲ್ಲ. ಊಟಕ್ಕೆ ಕೂತಾಗ ಎಡಗಿವಿಯ ಹತ್ತಿರ ಕಳ್ಳತನದಿಂದ ಬೆರಳು ಚಿಟಿಕೆ ಹೊಡೆದು ನೋಡುವನು. ಸ್ನಾನದ ಹೊತ್ತಿನಲ್ಲಿ ಕಿವಿಗೆ ಎಣ್ಣೆ ಬಿಡುವನು. ಗುಗ್ಗೆ ತುಂಬಿದೆ, ತೆಗೆಸಿದರೆ ಸರಿಹೋಗುತ್ತದೆ ಎಂದು ತನಗೆ ತಾನೇ ಹೇಳಿಕೊಳ್ಳುವನು. ಸೀಟಿನ ಮೇಲೆ ಕೂತಾಗ ಮಾತ್ರ, ಕೂಗಿದರು ಅನ್ನಿಸಿ ಸುಮ್ಮಸುಮ್ಮನೆ ಹಿಡಿಕೆ ಎಳೆಯುವನು. ಮಷಿನ್ ನಿಂತ ಕೂಡಲೇ ಎಲ್ಲರೂ ಅವನ ಕಡೆ ನೋಡುವರು. ಯಾರೂ ಕೂಗಿಲ್ಲ ಎಂದಾಗ, ಅನ್ನಿಸಿತು ಅಂದು ಮತ್ತೆ ಹಚ್ಚುವನು. ಕಟ್ಟಳೆ ಇದ್ದುದರಿಂದ ಯಾರೂ ಬೈಯಲಿಲ್ಲ. ಪರಮೇಶಪ್ಪ ಮಾತ್ರ, ಇವನೊಬ್ಬ ಡೀಸೆಲ್ ಕುಡಿಯುವ ಆಳು ಎಂದು ಗೊಣಗಿದ.

ಆ ವಾರ ಶಿಗ್ಗಾಂವಿ ತಾಲೂಕಿನ ಒಂದು ಹೊಲದಲ್ಲಿ ರಾಶಿ ನಡೆದಿತ್ತು. ಮಧ್ಯಾಹ್ನ. ಲಕ್ಕಪ್ಪ ಬೆವರು ಒರೆಸಿಕೊಂಡು ಟವೆಲನ್ನು ಹೆಗಲಿಗೆ ಹಾಕಿಕೊಳ್ಳುವಾಗ ಅದರ ತುದಿ ತೆನೆಯ ಜೊತೆ ಸಿಕ್ಕಿಕೊಂಡಿತು. ಡ್ರಮ್ಮು ಎಳೆಯಿತು. ಇನ್ನೊಂದು ತುದಿ ಅವನ ಮುಂಗೈಗೆ ಸುತ್ತಿತ್ತು. ಲಕ್ಕಪ್ಪ ಕೂಗಿದ. ಸುಧಾರಾಣಿ ಬುಟ್ಟಿ ಎಸೆದು ಕೂಗಿದಳು. ಹೆಂಗಸರೆಲ್ಲ ಕೂಗಿದರು. ಸೀಟಿನ ಮೇಲೆ ಚನ್ನೇಶ ಹಿಡಿಕೆಯ ಮೇಲೆ ಕೈಯಿಟ್ಟು, ಧೂಳಿನ ಕಡೆಗೆ ಕಣ್ಣು ಕಿರಿದು ಮಾಡಿ, ಕೇಳಿಸಿಕೊಳ್ಳುತ್ತ ಕೂತಿದ್ದ. ಇಷ್ಟು ಸೂಕ್ಷ್ಮವಾಗಿ ಅವನು ಎಂದೂ ಕೇಳಿಸಿಕೊಂಡಿರಲಿಲ್ಲ. ಕೇಳಿದ್ದು ಡ್ರಮ್ಮಿನ ಸಪ್ಪಳ ಒಂದೇ.

ಸುಧಾರಾಣಿ ಓಡಿಬಂದು ಒಂದು ತೆನೆಯಿಂದ ಅವನ ಬೆನ್ನಿಗೆ ಹೊಡೆದಳು. ಅವನು ಹಿಡಿಕೆ ಎಳೆದ.

ಟವೆಲಿನ ಸುತ್ತು ತಾನಾಗಿ ಬಿಚ್ಚಿ ಹೋಗಿತ್ತು, ಅದಕ್ಕೇ ಲಕ್ಕಪ್ಪನ ಕೈ ಉಳಿದಿತ್ತು. ಮುಂಗೈಯ ಚರ್ಮ ಕೆಂಪಗೆ ಸುಲಿದಿತ್ತು, ಅಷ್ಟೇ. ಕಾಳಿನ ರಾಶಿಯಲ್ಲಿ ಟವೆಲಿನ ನೂಲು ಸಿಕ್ಕಿತು. ಲಕ್ಕಪ್ಪ ನೆಲದ ಮೇಲೆ ಕೂತು, ಆ ನೂಲನ್ನು ಬಿಡಿಸುತ್ತ, ತಲೆ ಎತ್ತದೆ ಹೇಳಿದ.

"ಎಷ್ಟ್ ಸಲ ಕೂಗ್ಬೇಕೋ ತಮ್ಮಾ?"

"ಇಂಜಿನ್ನು ಭಾಳ ಸಪ್ಪಳ ಮಾಡಾಕತ್ತೈತಿ, ಕಾಕಾ."

"ಇಂಜಿನ್ನು ಮೊದ್ಲಿಂದನೂ ಹಂಗ ಐತಲ್ಲ."

ಲಕ್ಕಪ್ಪ ನೀರು ಕುಡಿದು ಮತ್ತೆ ಮಷಿನ್ ಬಾಯಿಗೆ ಹೋಗಿ ನಿಂತ. ಇದೇ ಚನ್ನೇಶನನ್ನು ತಿಂದುಹಾಕಿತು. ಆ ಮನುಷ್ಯ ಎರಡು ಬೈಗುಳ ಬೈದಿದ್ದರೆ, ಇವತ್ತು ನಾನು ತೆನೆ ನೂಕುವುದಿಲ್ಲ ಅಂದಿದ್ದರೆ ಹಗುರಾಗುತ್ತಿತ್ತು.

ಬಾಯಿ ಬಿಟ್ಟು ಹೇಳಬೇಕು ಎಂದು ಹೊರಡುವನು, ಅರ್ಧಕ್ಕೇ ನಿಲ್ಲುವನು. ಹೇಳಿದರೆ ತನ್ನ ಕೂಲಿ ಹೋಗುವುದು ಒಂದು ಕಡೆ ಇರಲಿ, ಪರಮೇಶಪ್ಪ ಕಾಯುತ್ತಿದ್ದ ನೆವ ಅವನ ಕೈಗೆ ಸಿಗುತ್ತಿತ್ತು. ಕಿವುಡನನ್ನು ಕೂರಿಸಿಕೊಂಡು ಇಷ್ಟು ದಿನ ನಡೆಸಿದಿರಿ, ಅಂದ ಮೇಲೆ ಸೀಟಿನ ಆಳು ಇದ್ದರೆಷ್ಟು ಬಿಟ್ಟರೆಷ್ಟು ಅನ್ನುತ್ತಾನೆ. ಲಕ್ಕಪ್ಪನ ಬೆರಳಿಗೆ ಪ್ರತಿಯಾಗಿ ಸಿಕ್ಕ ಒಂದೇ ಒಂದು ವಸ್ತು ಆ ಸೀಟು. ಹೇಳದೆ ಇದ್ದರೆ ನಾಳೆ ಟವೆಲಿನ ಜಾಗದಲ್ಲಿ ಸೀರೆಯ ಸೆರಗು ಇರುತ್ತದೆ. ಎರಡೂ ಕಡೆ ಬೆಂಕಿ ಇಟ್ಟುಕೊಂಡು ಅವನು ಅನ್ನ ಬಿಟ್ಟ. ಭಾನುವಾರದವರೆಗೆ ನೋಡೋಣ, ಮುಸ್ತಾಕನ ಹತ್ತಿರ ಇರುವ ದೊಡ್ಡ ಹೆಡ್‌ಫೋನು ಹಾಕಿ ನೋಡೋಣ, ಅದರಲ್ಲಿ ಎಡಗಡೆ ಕೇಳಿದರೆ ಕಿವಿ ಸರಿ ಇದೆ ಅಂತಲೇ ಅರ್ಥ ಎಂದು ಮನಸ್ಸಿಗೆ ಒಂದು ಗಡುವು ಕೊಟ್ಟುಕೊಂಡ. ಮುಳುಗುವವನು ಹುಲ್ಲುಕಡ್ಡಿ ಹುಡುಕುವ ಲೆಕ್ಕ ಅದು.

ಭಾನುವಾರ ಸವಣೂರಿನ ಹಾಲಿನಲ್ಲಿ ಮದುವೆಯ ಕುರ್ಚಿಗಳನ್ನು ನಾಲ್ಕು ನಾಲ್ಕರಂತೆ ಜೋಡಿಸಿದ್ದರು. ಖಾರದ ಪೊಟ್ಟಣ, ಚಹಾ, ಹುಡುಗರ ಗದ್ದಲ. ಆಡುವವರ ಚಿತ್ರವನ್ನು ಗೋಡೆಯ ಮೇಲೆ ಬಿಡುತ್ತಿದ್ದರು. ಚನ್ನೇಶ ಕೇಳಿದ ಕೂಡಲೇ ಮುಸ್ತಾಕ ತನ್ನ ಹೆಡ್‌ಫೋನನ್ನು ತೆಗೆದು ಕೊಟ್ಟ. ಅಂಗಡಿಯಲ್ಲಿ ಮಾರುವುದಕ್ಕಲ್ಲ, ತನಗೇ ಅಂತ ತರಿಸಿಕೊಂಡದ್ದು. ಚನ್ನೇಶ ಅದನ್ನು ಹಾಕಿಕೊಂಡಾಗ ಹಾಲಿನ ಗದ್ದಲ ಕದ ಮುಚ್ಚಿದ ಹಾಗೆ ನಿಂತಿತು. ಆ ನಿಶ್ಶಬ್ದಕ್ಕೆ ಅವನಿಗೆ ಬೆವರು ಬಂತು.

ಆಟ ಚೆನ್ನಾಗಿಯೇ ನಡೆಯಿತು. ಮಹಾಂತೇಶ ಬಿದ್ದ, ಆದರೆ ಇವರು ಮೂವರು ಉಳಿದರು. ಎದುರಾಳಿ ಟೀಮಿನಲ್ಲಿ ಉಳಿದವನು ಒಬ್ಬನೇ. ಚನ್ನೇಶನಿಗೆ ಕೊಟ್ಟ ಕೆಲಸ ಒಂದು ಮನೆಯ ಕದ ಕಾಯುವುದು. ವೈರಿ ಎಡಗಡೆಯ ಮೆಟ್ಟಿಲು ಹತ್ತಿ ಬಂದ. ಗೋಡೆಯ ಮೇಲೆ ನೋಡುತ್ತಿದ್ದವರಿಗೆಲ್ಲ ಕಂಡಿತು. ಇನಾಯತ ತನ್ನ ಕಿವಿಯಲ್ಲಿ ಕೇಳಿ, ಎಡಕ್ಕ ಎಡಕ್ಕ ಎಂದು ಮೈಕಿನಲ್ಲಿ ಕೂಗಿದ. ಆ ಕೂಗು ಬಲಗಿವಿಗೆ ಬಿದ್ದ ಕೂಡಲೇ, ಮಾತು ತಲೆಗೆ ಹೋಗುವ ಮೊದಲೇ, ಚನ್ನೇಶ ಬಲಕ್ಕೆ ತಿರುಗಿದ. ಅವನು ಬಿದ್ದ ಮೇಲೆ ಉಳಿದಿಬ್ಬರೂ ಒಬ್ಬರ ಹಿಂದೊಬ್ಬರು ಬಿದ್ದರು.

ಹಾಲಿನಲ್ಲಿ ನಗು ಎದ್ದಿತು. ಇನಾಯತನ ಸಿಟ್ಟು ನೆತ್ತಿಗೇರಿ, ಇಂಥ ಹೆಡ್‌ಫೋನು ಕೊಟ್ಟರೂ ಕೇಳದವನು ಇನ್ನು ಮಸೀದಿಯ ಮೈಕಿನ ಭೋಂಗಾವನ್ನೇ ಕಿವಿಗೆ ಕಟ್ಟಿಕೊಳ್ಳಬೇಕು ಅಂದ. ಮುಸ್ತಾಕ ಅವನಿಗೆ ಸುಮ್ಮನಿರು ಎಂದು ಕೈ ಮಾಡಿ ಚನ್ನೇಶನನ್ನು ಹಾಲಿನ ಹಿಂದಿನ ಅಡುಗೆಕೋಣೆಗೆ ಕರೆದುಕೊಂಡು ಹೋದ.

ಮೈಕ್‌ಸೆಟ್ಟಿನವರಿಗೆ ಒಂದು ರೂಢಿಯಿದೆ. ಕಾರ್ಯಕ್ರಮಕ್ಕೆ ಮುಂಚೆ ಮೊದಲು ಎಡದ ಡಬ್ಬಿಯೊಂದನ್ನೇ ನುಡಿಸುತ್ತಾರೆ, ಆಮೇಲೆ ಬಲದ್ದೊಂದನ್ನೇ. ಮುಸ್ತಾಕ ಮನೆಯಲ್ಲಿ ಕಲಿತದ್ದು ಅದನ್ನೇ. ಚನ್ನೇಶನ ತಲೆಯ ಮೇಲೆ ಹೆಡ್‌ಫೋನು ಹಾಗೇ ಇರಲಿ ಎಂದು ಹೇಳಿ, ತಂತಿಯನ್ನು ತನ್ನ ಫೋನಿಗೆ ಸಿಕ್ಕಿಸಿದ. ಎಡಗಡೆ ಮಾತ್ರ ಬರುವ ಸಣ್ಣ ಸೀಟಿಯ ಸಪ್ಪಳವೊಂದನ್ನು ಹಚ್ಚಿ ಅವನ ಮುಖ ನೋಡುತ್ತ ನಿಂತ. ಚನ್ನೇಶ ಕಾದ. ಸ್ವಲ್ಪ ಹೊತ್ತಾದ ಮೇಲೆ ಕಣ್ಣೆತ್ತಿ, ಹಚ್ಚು ಅಂದ.

ಮುಸ್ತಾಕ ಹೆಡ್‌ಫೋನನ್ನು ಮೆಲ್ಲಗೆ ಎತ್ತಿ, ತಿರುಗಿಸಿ, ಎಡದ ಬಟ್ಟಲನ್ನು ಅವನ ಬಲಗಿವಿಯ ಹತ್ತಿರ ತಂದು ಹಿಡಿದ. ಸೀಟಿ ಸೂಜಿಯ ಹಾಗೆ ಒಳಗೆ ನುಗ್ಗಿತು.

"ಯಾವಾಗ ಹಚ್ಚಿದಿ?"

"ಮೊದ್ಲ ಹಚ್ಚೇನಿ ದೋಸ್ತ." ಮುಸ್ತಾಕ ಫೋನಿನ ಕಡೆ ನೋಡುತ್ತ ಹೇಳಿದ. "ಹೆಡ್‌ಫೋನು ಚಲೋ ಐತಿ."

ಚನ್ನೇಶ ಅಕ್ಕಿಯ ಚೀಲದ ಮೇಲೆ ಕೂತ. ತಾನು ಕೆಟ್ಟವೆಂದು ಎಸೆದ ಸಾಮಾನುಗಳೆಲ್ಲ ನೆನಪಾದವು. ಒಂದೂ ಕೆಟ್ಟಿರಲಿಲ್ಲ. ಮುಸ್ತಾಕ ಅವನಿಗೆ ಚಹಾ ತಂದುಕೊಟ್ಟ. ತನ್ನ ಮನೆಯಲ್ಲಿ ಹಿರಿಯರೊಬ್ಬರಿಗೆ ಡಬ್ಬಿಯ ಹತ್ತಿರ ನಿಂತು ನಿಂತು ಹೀಗೇ ಆಗಿತ್ತು, ಅವರು ಎಲ್ಲರೂ ಸಣ್ಣಗೆ ಮಾತಾಡುತ್ತಾರೆಂದು ಸಾಯುವತನಕ ಜಗಳವಾಡಿದರು ಎಂದು ಹೇಳಿದ. ನಾಳೆಯೇ ಡಾಕ್ಟರಿಗೆ ತೋರಿಸು ಅಂದ. ಆಟದ ಮಾತು ಎತ್ತಲಿಲ್ಲ.

ಹಾವೇರಿಯ ಕಿವಿ ಡಾಕ್ಟರು ಗಾಜಿನ ಕೋಣೆಯಲ್ಲಿ ಕೂರಿಸಿ ಪರೀಕ್ಷೆ ಮಾಡಿದರು. ಗುಗ್ಗೆ ಇಲ್ಲ ಅಂದರು. ಒಳಗಿನ ನರ ಸಪ್ಪಳಕ್ಕೆ ಸವೆದಿದೆ, ಹೋದದ್ದು ಬರುವುದಿಲ್ಲ, ಬಲಗಿವಿಯೂ ಅದೇ ದಾರಿ ಹಿಡಿದಿದೆ, ಅದನ್ನಾದರೂ ಉಳಿಸಿಕೋ ಅಂದರು. ಮಷಿನ್ನಿನ ಹತ್ತಿರ ಕಿವಿ ಮುಚ್ಚುವ ಬಟ್ಟಲು ಹಾಕಿಕೊಳ್ಳದೆ ಕೂರಬಾರದು, ಅದು ಕಾರಖಾನೆಯ ಸಾಮಾನಿನ ಅಂಗಡಿಯಲ್ಲಿ ಸಿಗುತ್ತದೆ, ಎಲ್ಲ ಆಳಿಗೂ ಬೇಕು ಅಂದರು. ಆ ಮಾತು ಹೇಳುವಾಗ ಅವರ ದನಿಯಲ್ಲಿ ವಿಶೇಷವೇನೂ ಇರಲಿಲ್ಲ. ದಿನಾ ಹೇಳುವ ಮಾತು.

ಬಸ್ಸಿನಲ್ಲಿ ಬರುವಾಗ ಸುಧಾರಾಣಿ ಅವನ ಬಲಕ್ಕೆ ಕೂತಿದ್ದಳು. ಆಗ ಅವನಿಗೆ ಹೊಳೆಯಿತು. ಅವಳು ಎಷ್ಟೋ ದಿನದಿಂದ ಅವನ ಬಲಕ್ಕೇ ಕೂರುತ್ತಿದ್ದಳು, ಬಲಕ್ಕೇ ನಡೆಯುತ್ತಿದ್ದಳು.

"ನಿನಗ ಗೊತ್ತಿತ್ತು."

"ನೀವು ಬಲಕ್ಕ ಹೊಳ್ಳಿ ಮಲಗಿದ್ರ ಎಷ್ಟ್ ಕರದ್ರೂ ಏಳಂಗಿಲ್ರಿ. ಎಡಕ್ಕ ಮಲಗಿದ್ರ ಬಳಿ ಸಪ್ಪಳಕ್ಕ ಏಳ್ತೀರಿ." ಅವಳು ಕಿಟಕಿಯ ಹೊರಗೆ ನೋಡಿದಳು. "ನಾ ಏನಂತ ಹೇಳ್ಲಿ. ದಿನಾ ಬೆಳಗ್ಗೆ ಕಿವೀಗೆ ಆ ಡಬ್ಬಿ ಹಾಕ್ಕೊಂಡು ಕಂಪನಿಯವರನ್ನ ಬೈಯಾಕತ್ತಿದ್ರಿ. ಬೈಕೊಳ್ಲಿ ಅಂತ ಬಿಟ್ಟೆ."

"ಟವೆಲ್ ಸಿಕ್ಕಾಗೂ ಸುಮ್ನ ಇದ್ದೆ."

"ಅವತ್ತಿಂದ ನಾನೂ ಉಂಡಿಲ್ಲ."

ಚಿಕ್ಕೇರೂರಿನ ತಿರುವಿನಲ್ಲಿ ಇಳಿಯುವಾಗ ಅವಳು ಒಂದೇ ಮಾತು ಅಂದಳು. ಪರಮೇಶಪ್ಪನ ಕಿವಿಗೆ ಇದು ಯಾರ ಬಾಯಿಂದಲೋ ಬೀಳುವುದಕ್ಕಿಂತ ಮೊದಲು ಗ್ಯಾಂಗಿನ ಕಿವಿಗೆ ಬೀಳಬೇಕು, ಎಲ್ಲರೂ ಕೂಡಿ ಇರುವಾಗ ಬೀಳಬೇಕು ಅಂತ.

ಮರುದಿನ ಬೆಳಗ್ಗೆ ಹೊಲದಲ್ಲಿ ಇಬ್ಬನಿ ಆರುವ ಹೊತ್ತು. ಪರಮೇಶಪ್ಪ ಬೈಕಿನಲ್ಲಿ ಬಂದು ಇನ್ನೂ ಹಚ್ಚಿಲ್ಲವೇ ಎಂದು ಕೇಳುತ್ತಿದ್ದ. ಚನ್ನೇಶ ಸೀಟು ಹತ್ತಲಿಲ್ಲ. ಟ್ರ್ಯಾಕ್ಟರಿನ ಮುಂದೆ ನಿಂತು, ಎಡಗಿವಿ ಹೋಗಿದೆ, ಬಲಗಿವಿ ಹೋಗಲಿಕ್ಕೆ ಹತ್ತಿದೆ, ಗೊತ್ತಾಗಿ ಬಹಳ ದಿನವಾಯಿತು, ಹೇಳಲಿಲ್ಲ, ಲಕ್ಕಪ್ಪ ಕಾಕಾನ ಕೈ ಹೋಗುತ್ತಿತ್ತು ಎಂದು ಒಂದೇ ಉಸಿರಿನಲ್ಲಿ ಹೇಳಿದ. ಹೆಂಗಸರು ಬುಟ್ಟಿ ಕೆಳಗಿಟ್ಟರು.

ಪರಮೇಶಪ್ಪ ತಡ ಮಾಡಲಿಲ್ಲ. ಅವನು ಎಷ್ಟೋ ವರ್ಷದಿಂದ ಬಾಯಲ್ಲಿ ಇಟ್ಟುಕೊಂಡು ಕೂತಿದ್ದ ಮಾತು.

"ಕೇಳಿದ್ರಿಲ್ಲ? ಕಿವುಡನ್ನ ಕುಂದ್ರಿಸಿ ಕೂಲಿ ಕೊಟ್ಟೇನಿ ನಾನು. ಇನ್ನ ಸೀಟ್ ಗೀಟ್ ಎಲ್ಲಾ ಬ್ಯಾಡ. ನಿಮ್ಮ ನಿಮ್ಮ ಕೈ ನೀವ ನೋಡ್ಕೋರಿ."

ಚನ್ನೇಶ ಹೆದರಿದ್ದು ಇದಕ್ಕೇ. ಅವನು ಲಕ್ಕಪ್ಪನ ಕಡೆ ನೋಡಲಾರದೆ ನೆಲ ನೋಡಿದ. ಲಕ್ಕಪ್ಪ ಎದ್ದು ಬಂದು ಚನ್ನೇಶನ ಪಕ್ಕದಲ್ಲಿ ನಿಂತ. ಅವನ ಬಲಕ್ಕೆ.

"ಸಾವ್ಕಾರ್ರ, ನಿಮ್ಮ ಸೀಟಿನ ಮ್ಯಾಲೆ ಕುಂತ ಇವನ ಕಿವಿ ಹೋತು. ನಿಮ್ಮ ಮಷಿನ್ನಿನ ಬಾಯಾಗ ನನ್ನ ಬಟ್ಟು ಹೋದ್ವು. ಬಟ್ಟಿನ ಬಾಕಿ ಕೊಟ್ಟಿಲ್ಲ, ಈಗ ಕಿವಿ ಬಾಕೀನೂ ಅದರ ಜೋಡಿ ಸೇರಿಸ್ರಿ. ಸೀಟ್ ಮಾತ್ರ ಇರ್ತೈತಿ. ಕುಂದ್ರಾವ್ರು ಬದಲಾಗ್ತೀವಿ."

ಪರಮೇಶಪ್ಪ ಬೇರೆ ಗ್ಯಾಂಗು ತರಿಸುತ್ತೇನೆ ಅಂದ. ಹೆಂಗಸರಲ್ಲಿ ಒಬ್ಬಳು, ತರಿಸ್ರಿ ಯಪ್ಪಾ, ಅವರಿಗೂ ರೊಟ್ಟಿ ಬಡಿಯುತ್ತೇವೆ ಅಂದಳು. ಆಗ ಒಂದಷ್ಟು ನಗು ಎದ್ದಿತು. ಆದರೆ ಯಾರೂ ಎದ್ದು ಮಷಿನ್ನಿನ ಕಡೆ ಹೋಗಲಿಲ್ಲ. ಹೊಲದ ಮಾಲಕ ಬಂದು ಆಕಾಶ ನೋಡಿದ, ತೆನೆ ನೋಡಿದ, ಪರಮೇಶಪ್ಪನನ್ನು ನೋಡಿದ.

ಬಿಸಿಲು ನೆತ್ತಿಗೆ ಬರುವ ಮುಂಚೆ ಮಾತು ಒಂದು ಕಡೆ ನಿಂತಿತು. ಸೀಟಿನ ಆಳು ದಿನಾ ಬದಲಾಗಬೇಕು. ಇನ್ನು ಮುಂದೆ ಕೂಗನ್ನು ನೆಚ್ಚಬಾರದು. ಮಷಿನ್ನಿನ ಬಾಯಿಯಿಂದ ಸೀಟಿನ ಆಳಿನ ತೋಳಿನವರೆಗೆ ಒಂದು ಹಗ್ಗ ಕಟ್ಟಬೇಕು. ಹಗ್ಗ ಜಗ್ಗಿದ ಕೂಡಲೇ ಸೀಟಿನ ಆಳು ಹಿಡಿಕೆ ಎಳೆಯಬೇಕು. ಹಗ್ಗಕ್ಕೆ ಖರ್ಚಿಲ್ಲವಾದ್ದರಿಂದ ಪರಮೇಶಪ್ಪ ಅದನ್ನು ಒಪ್ಪಿದ. ಕಿವಿ ಮುಚ್ಚುವ ಬಟ್ಟಲಿನ ಮಾತಿಗೆ ಮಾತ್ರ ಮುಂದಿನ ಸುಗ್ಗಿಗೆ ನೋಡೋಣ ಅಂದ. ಚನ್ನೇಶನಿಗೆ ತೆನೆ ಹೊರುವ ಕೆಲಸ, ಮಷಿನ್ನಿನಿಂದ ದೂರ.

ಮೊದಲ ದಿನ ಸೀಟು ಹತ್ತಿದವಳು ಸುಧಾರಾಣಿ. ಹೆಂಗಸು ಆ ಸೀಟಿನ ಮೇಲೆ ಕೂತದ್ದು ಅದೇ ಮೊದಲು. ಚನ್ನೇಶ ಗ್ಯಾಂಗಿನ ಗುಡಾರಕ್ಕೆ ಹೋಗಿ ಮುಸ್ತಾಕ ಆರಿಸಿಕೊಟ್ಟ ಹೆಡ್‌ಫೋನು ತಂದ. ತಂತಿಯನ್ನು ಸುತ್ತಿ ಅವಳ ಸೊಂಟಕ್ಕೆ ಸಿಕ್ಕಿಸಿ, ಬಟ್ಟಲುಗಳನ್ನು ಅವಳ ಎರಡೂ ಕಿವಿಗೆ ಕೂರಿಸಿದ, ಕೂದಲು ಒಳಗೆ ಸಿಗದಂತೆ ಸರಿಸಿದ. ಇದು ಆ ಕೆಲಸಕ್ಕೆ ಮಾಡಿದ ಸಾಮಾನಲ್ಲ, ಅರ್ಧ ಸಪ್ಪಳವನ್ನೂ ತಡೆಯಲಿಕ್ಕಿಲ್ಲ ಎಂದು ಅವನಿಗೆ ಗೊತ್ತಿತ್ತು. ಅವಳ ತೋಳಿಗೆ ಹಗ್ಗ ಕಟ್ಟಿದ. ಲಕ್ಕಪ್ಪ ಹಿಂದಿನಿಂದ ಎರಡು ಬೆರಳಿನಿಂದ ಜಗ್ಗಿ ನೋಡಿದ. ಅವಳು ಹಿಡಿಕೆ ಎಳೆದಳು. ಇನ್ನೊಮ್ಮೆ ಜಗ್ಗಿದ. ಮತ್ತೆ ಎಳೆದಳು. ಆಮೇಲೆ ಮಷಿನ್ ಹಚ್ಚಿದರು.

ಮೊದಲ ಬುಟ್ಟಿ ಸುರಿಯುವಾಗ ಚನ್ನೇಶನ ಕಣ್ಣು ಹಗ್ಗದ ಮೇಲೆಯೇ ಇತ್ತು. ಸಂಜೆಯವರೆಗೂ ಇತ್ತು. ಇವತ್ತಿಗೂ ಅವನಿಗೆ ಹಗ್ಗ ಹರಿದಂತೆ ಅನ್ನಿಸಿ ಬುಟ್ಟಿ ಬಿಟ್ಟು ಓಡಿಬರುವುದು ತಪ್ಪಿಲ್ಲ. ಬೆಳಗ್ಗೆ ಇಬ್ಬನಿಯ ಹೊತ್ತಿಗೆ ಗೇಮು ಆಡುತ್ತಾನೆ. ಎಡಗಡೆಯ ಸಪ್ಪಳವೂ ಬಲಗಿವಿಗೇ ಬರುವ ಹಾಗೆ ಫೋನಿನಲ್ಲಿ ಮಾಡಿಕೊಟ್ಟಿದ್ದಾನೆ ಮುಸ್ತಾಕ. ಹೆಜ್ಜೆ ಕೇಳುತ್ತದೆ, ದಿಕ್ಕು ತಿಳಿಯುವುದಿಲ್ಲ. ದಿಕ್ಕನ್ನು ಇನಾಯತ ಹೇಳುತ್ತಾನೆ, ಬೈಯುತ್ತಲೇ.

ಮೂರು ಬೆರಳು, ಒಂದು ಕಿವಿ, ಗ್ಯಾಂಗಿನ ಎಲ್ಲರಿಗೂ ಒಂದೊಂದು ಜೊತೆ ಬಟ್ಟಲು. ಬಾಕಿ ಇಷ್ಟು, ಇನ್ನೂ ಬಂದಿಲ್ಲ. ಆ ಮಷಿನ್ನು ನಿಂತಿರುವುದು ಬರೀ ಪರಮೇಶಪ್ಪನ ಅಂಗಳದಲ್ಲಲ್ಲ. ಸುಗ್ಗಿ ಬಂದರೆ ಅದು ನಿಮ್ಮ ಹೊಲಕ್ಕೆ ಬರುತ್ತದೆ, ನಿಮ್ಮ ತೆನೆ ಬಿಡಿಸಲಿಕ್ಕೆ, ನೀವು ಕರೆದದ್ದಕ್ಕೇ ಬರುತ್ತದೆ. ಬಂದ ದಿನ ಚಹಾ ಕೊಡುವುದಕ್ಕೆ ಮೊದಲು ಟ್ರ್ಯಾಕ್ಟರಿನ ಹತ್ತಿರ ಹೋಗಿ ನೋಡಿ. ಸೀಟಿನ ಮೇಲೆ ಆಳು ಇದ್ದಾರೋ, ತೋಳಿಗೆ ಹಗ್ಗ ಇದೆಯೋ, ಕಿವಿಗೆ ಬಟ್ಟಲು ಇದೆಯೋ. ಮೂರರಲ್ಲಿ ಒಂದು ಇಲ್ಲದಿದ್ದರೂ ಮಷಿನ್ ಹಚ್ಚಗೊಡಬೇಡಿ. ಮಳೆ ಬರುವ ಹಾಗಿದ್ದರೂ ಹಚ್ಚಗೊಡಬೇಡಿ.